ಜಟೆ, ಜಡೆ, ಜಟಿಲ: ಕೂದಲು ತಾನಾಗಿ ಗಂಟಾಗುವುದೋ, ನಾವು ಗಂಟಾಗಿಸುವುದೋ?

ತದ್ಭವಗಳ ಪಾಠದಲ್ಲಿ ‘ಜಟಾ – ಜಡೆ’ ಎಂಬ ಜೋಡಿ ನಿಮಗೆ ನೆನಪಿರಬಹುದು. ಸಂಸ್ಕೃತದ ಅಟವಿ ಕನ್ನಡದಲ್ಲಿ ಅಡವಿಯಾದಂತೆ, ಜಟಾ ಎಂಬುದು ಜಡೆಯಾಯಿತು. ಟಕಾರ ಡಕಾರವಾಗುವ ನಿಯಮ, ಅಷ್ಟೇ. ಆದರೆ ಪಾಠ ಮುಗಿದ ಮೇಲೆ ಬಂದ ಪ್ರಶ್ನೆ ಮಾತ್ರ ಅಷ್ಟು ಸುಲಭದ್ದಾಗಿರಲಿಲ್ಲ. ಎರಡೂ ಒಂದೇ ಪದವಾದರೆ, ಅಮ್ಮ ಬೆಳಿಗ್ಗೆ ಹೆಣೆಯುವ ಜಡೆಗೂ ಶಿವನ ಜಟೆಗೂ ಏಕೆ ಹೋಲಿಕೆಯೇ ಇಲ್ಲ? ಇನ್ನೊಬ್ಬರು, ಶಿನ್‌ಸಾಯ್‌ಬಾಶಿಯ ಹತ್ತಿರದ ಅಮೆರಿಕಾಮುರಾದಲ್ಲಿ ಹುಡುಗರು ಹಗ್ಗದಂತೆ ಇಳಿಬಿಟ್ಟುಕೊಂಡಿರುತ್ತಾರಲ್ಲ, ಅದು ಜಡೆಯೋ ಜಟೆಯೋ ಎಂದು ಕೇಳಿದರು. ಭಾಷೆಯ ಪಾಠ ಹೀಗೆ ಕೂದಲಿನ ಪಾಠವಾಯಿತು. ಪೋಷಕರೂ ಓದಲೆಂದು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಪದಗಳನ್ನು ನೋಡೋಣ. ಇಂದಿನ ಕನ್ನಡದಲ್ಲಿ ಜಡೆ ಎಂದರೆ ಬಾಚಿ, ಮೂರು ಕಾಲು ಮಾಡಿ ಹೆಣೆದದ್ದು. ರಾತ್ರಿ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ. ಜಟೆ ಎಂದರೆ ಕೂದಲು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾದದ್ದು. ಅದಕ್ಕೆ ಕಾಲೂ ಇಲ್ಲ, ಬಿಚ್ಚುವ ತುದಿಯೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಮಾತ್ರ ಈ ಎರಡನೆಯದನ್ನೂ ಜಡೆ ಎಂದೇ ಕರೆಯುತ್ತಾರೆ. ‘ಅಕಿಗೆ ಜಡಿ ಬಂದೈತಿ’ ಎಂದರೆ ಅವಳ ತಲೆಗೂದಲು ಜಟೆಗಟ್ಟಿದೆ ಎಂದರ್ಥ. ಇನ್ನು ನೀವು ಗಣಿತದ ಪುಸ್ತಕ ಮುಚ್ಚಿಟ್ಟು ‘ಬಹಳ ಜಟಿಲವಾಗಿದೆ’ ಎನ್ನುತ್ತೀರಲ್ಲ, ಆ ಜಟಿಲವೂ ಇದೇ ಬೇರಿನದು. ಜಟಿಲ ಎಂದರೆ ಮೂಲದಲ್ಲಿ ಜಟೆಗಟ್ಟಿದ್ದು, ಜಟೆ ಬಿಟ್ಟವನು. ಲೆಕ್ಕದ ಸಿಕ್ಕು, ಕೂದಲಿನ ಸಿಕ್ಕು ಎರಡಕ್ಕೂ ನಮ್ಮ ಹಿರಿಯರು ಒಂದೇ ಮಾತು ಬಳಸಿದರು. ತಲೆಗೆಣ್ಣೆಗೆ ಹಾಕುವ ಜಟಾಮಾಂಸಿ ಎಂಬ ಬೇರಿಗೂ ಆ ಹೆಸರು ಬಂದದ್ದು ಅದರ ಮೈತುಂಬ ಇರುವ ಕೂದಲಿನಂಥ ನಾರಿನಿಂದ.

ಒಸಾಕಾದಲ್ಲಿಯೇ ಒಂದು ಉದಾಹರಣೆ ಇದೆ. ಇಲ್ಲಿನ ಫುದೋ ಮ್ಯೋಓ ನಮ್ಮ ದೇಶದಿಂದ ಬಂದ ಅಚಲನಾಥ. ಅವನ ವಿಗ್ರಹಗಳಲ್ಲಿ ಕೂದಲು ಎಡಗಡೆಗೆ ಒಂದೇ ಎಳೆಯಾಗಿ ಇಳಿದಿರುತ್ತದೆ. ಅದು ಹೆಣೆದದ್ದು, ಆದ್ದರಿಂದ ಜಡೆ. ನಂಬಾದ ಹೋಝೆನ್‌ಜಿ ದೇವಾಲಯಕ್ಕೆ ಹೋಗಿ ಆ ಜಡೆಯನ್ನು ಹುಡುಕಬೇಡಿ. ಭಕ್ತರು ನೀರೆರಚಿ ಎರಚಿ ಅಲ್ಲಿನ ಫುದೋವಿನ ಮೈಯೆಲ್ಲ ಪಾಚಿ ಬೆಳೆದು ಮುಚ್ಚಿಹೋಗಿದೆ.

ಈಗ ಕೂದಲು ಗಂಟಾಗುವುದು ಹೇಗೆ ಎಂಬುದನ್ನು ತಿಳಿಯೋಣ. ಪ್ರತಿಯೊಂದು ಕೂದಲಿನ ಮೇಲೂ ಮೀನಿನ ಹುರುಪೆಯಂತೆ ಸಣ್ಣ ಪದರಗಳಿವೆ. ಅವುಗಳ ಅಂಚು ತುದಿಯ ಕಡೆಗೆ ತಿರುಗಿರುತ್ತದೆ. ಬುಡದಿಂದ ತುದಿಗೆ ಬೆರಳು ಜಾರಿಸಿದರೆ ನುಣುಪು, ತುದಿಯಿಂದ ಬುಡಕ್ಕೆ ಜಾರಿಸಿದರೆ ಒರಟು. ನೀವೇ ಒಂದು ಕೂದಲು ಹಿಡಿದು ನೋಡಬಹುದು. ಕೂದಲುಗಳು ಅಡ್ಡಾದಿಡ್ಡಿ ಉಜ್ಜಿದಾಗ ಪದರಗಳು ಒಂದಕ್ಕೊಂದು ಕೊಂಡಿಯಾಗುತ್ತವೆ. ಉಣ್ಣೆಯ ಸ್ವೆಟರನ್ನು ತಿಳಿಯದೆ ಬಿಸಿನೀರಿನ ಯಂತ್ರಕ್ಕೆ ಹಾಕಿದರೆ ಅದು ಕುಗ್ಗಿ ಗಟ್ಟಿ ಬಟ್ಟೆಯಾಗಿ ಹೊರಬರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಇದರ ಜೊತೆಗೆ ಇನ್ನೊಂದು ಸಂಗತಿ: ನಮ್ಮ ತಲೆಯಿಂದ ದಿನಕ್ಕೆ ಸುಮಾರು 50ರಿಂದ 100 ಕೂದಲು ಉದುರುತ್ತವೆ. ಬಾಚುವವರಿಗೆ ಅವು ಬಾಚಣಿಗೆಯಲ್ಲಿ ಸಿಗುತ್ತವೆ. ಬಾಚದವರಿಗೆ ಅವು ಎಲ್ಲಿಗೂ ಹೋಗುವುದಿಲ್ಲ. ಉಳಿದ ಕೂದಲಿನ ನಡುವೆ ಸಿಕ್ಕಿಕೊಂಡು, ಅದನ್ನೇ ಸುತ್ತಿ ಬಿಗಿಯುವ ದಾರವಾಗುತ್ತವೆ. ಜಟೆಯ ಒಂದು ಪಾಲು ಹೀಗೆ ಉದುರಿದ ಕೂದಲೇ.

ಜಟೆ ಕಟ್ಟಲು ಎರಡು ದಾರಿಗಳಿವೆ ಎನ್ನುತ್ತಾರೆ. ಒಂದು, ಏನೂ ಮಾಡದೆ ಬಿಡುವುದು. ತೊಳೆಯಬೇಕು, ಆದರೆ ಬಾಚಬಾರದು, ನುಣುಪು ಮಾಡುವ ಕಂಡೀಷನರ್ ಹಚ್ಚಬಾರದು. ಬಿಗಿಯಾಗಿ ಸುರುಳಿಗಟ್ಟಿದ ಆಫ್ರಿಕಾ ಮೂಲದವರ ಕೂದಲು ಹೀಗೆ ಬಿಟ್ಟರೆ ಕೆಲವು ತಿಂಗಳಲ್ಲೇ ಎಳೆ ಎಳೆಯಾಗಿ ಕಟ್ಟಿಕೊಳ್ಳತೊಡಗುತ್ತದೆ, ಏಕೆಂದರೆ ಪ್ರತಿ ಸುರುಳಿಯೂ ಪಕ್ಕದ ಸುರುಳಿಯನ್ನು ಹಿಡಿಯುತ್ತದೆ. ಜಪಾನಿಯರ ನೇರವಾದ ದಪ್ಪ ಕೂದಲು ಹಾಗಲ್ಲ. ಜಾರುತ್ತದೆ. ನಮ್ಮವರ ಕೂದಲಲ್ಲಿ ಎರಡೂ ಬಗೆಯುಂಟು. ನೇರ ಕೂದಲನ್ನು ಸುಮ್ಮನೆ ಬಿಟ್ಟರೆ ವರ್ಷಗಟ್ಟಲೆ ಬೇಕು. ಬಂದರೂ ಸಮನಾದ ಎಳೆಗಳು ಬರುವುದಿಲ್ಲ. ಮಲಗುವಾಗ ದಿಂಬಿಗೆ ಉಜ್ಜುವ ಕಡೆ ಒಂದು ಹಲಗೆಯಂತೆ ಅಂಟಿಕೊಳ್ಳುತ್ತದೆ, ಇನ್ನೊಂದು ಕಡೆ ಇಲಿಬಾಲದಂತೆ ತೆಳ್ಳಗಿರುತ್ತದೆ. ಆಗಾಗ ಬುಡದಲ್ಲಿ ಕೈಯಿಂದ ಹರಿದು ಬೇರೆ ಮಾಡದಿದ್ದರೆ ಎಲ್ಲವೂ ಸೇರಿ ಒಂದೇ ಗಡ್ಡೆ.

ಎರಡನೆಯದು, ನೆರವು ಕೊಡುವುದು. ಅಮೆರಿಕಾಮುರಾದ ಹುಡುಗರದು ಹೆಚ್ಚಾಗಿ ಇದು. ತಲೆಯನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದ ಕೂದಲನ್ನೂ ತುದಿಯಿಂದ ಬುಡದ ಕಡೆಗೆ ಉಲ್ಟಾ ಬಾಚಿ ಸಿಕ್ಕು ಮಾಡುತ್ತಾರೆ. ಅಂಗೈಗಳ ನಡುವೆ ಬತ್ತಿ ಹೊಸೆದಂತೆ ಹೊಸೆಯುತ್ತಾರೆ. ಹೊರಚಾಚಿದ ಕೂದಲನ್ನು ಕ್ರೋಶಾ ಕೊಕ್ಕೆಕಡ್ಡಿಯಿಂದ ಒಳಗೆ ಎಳೆಯುತ್ತಾರೆ. ಕೆಲವು ಕಡೆ ಮೊದಲೇ ಔಷಧಿ ಹಾಕಿ ಕೂದಲನ್ನು ಸುರುಳಿ ಮಾಡಿಕೊಳ್ಳುವುದೂ ಉಂಟು. ತಾಸುಗಟ್ಟಲೆ ಕೂರಬೇಕು. ಮೇಣ ಹಚ್ಚಿ ಬೇಗ ಅಂಟಿಸುವವರೂ ಇದ್ದಾರೆ. ನಮಗೆ ಅದು ಸರಿಕಾಣದು. ಮಾರ್ಚ್ ತಿಂಗಳಲ್ಲಿ ಒಸಾಕಾಕ್ಕೆ ಬರುವ ಸುಮೋ ಮಲ್ಲರೂ ತಲೆಗೆ ಮೇಣದಂಥ ಎಣ್ಣೆ ಹಚ್ಚುತ್ತಾರೆ ನಿಜ, ಆದರೆ ಅವರ ಜುಟ್ಟನ್ನು ಬಿಚ್ಚಿ ಬಾಚಿ ಕಟ್ಟಲು ಪ್ರತ್ಯೇಕ ಕೇಶಗಾರರೇ ಇದ್ದಾರೆ. ಜಟೆಯ ಒಳಗೆ ಹೊಕ್ಕ ಮೇಣ ಹೊರಬರುವುದಿಲ್ಲ, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬುಡದಲ್ಲಿ ಬಿಗಿಯಾಗಿ ಎಳೆದು ಹೊಸೆದರೆ ಕಾಲಕ್ರಮದಲ್ಲಿ ಆ ಜಾಗ ಬೋಳಾಗುವುದೂ ಉಂಟು. ಜೂನ್ ತಿಂಗಳ ತ್ಸುಯು ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗದ ಈ ಊರಿನಲ್ಲಿ ಜಟೆಯ ಒಳಗನ್ನು ಒಣಗಿಸುವುದೂ ಒಂದು ಕೆಲಸವೇ. ಬಿಟ್ಟದ್ದಿರಲಿ, ಮಾಡಿದ್ದಿರಲಿ, ಒಳಗೆ ತೇವ ಉಳಿದರೆ ನಾತ ಬರುತ್ತದೆ.

ಈ ಶೈಲಿಯನ್ನು ಲೋಕಕ್ಕೆ ತೋರಿಸಿದವರು ಜಮೈಕಾದ ರಾಸ್ತಾಫಾರಿಗಳು. 1930ರ ದಶಕದಲ್ಲಿ ಹುಟ್ಟಿದ ಆ ಪಂಥದಲ್ಲಿ ಅನೇಕರು ಕೂದಲಿಗೆ ಕತ್ತರಿ, ಬಾಚಣಿಗೆ ಸೋಕಿಸದಿರುವುದನ್ನು ವ್ರತವಾಗಿ ಹಿಡಿದರು. ಆ ಪಂಥದ ಗಾಯಕ ಬಾಬ್ ಮಾರ್ಲಿ 1979ರ ಏಪ್ರಿಲ್‌ನಲ್ಲಿ ಜಪಾನಿಗೆ ಬಂದು ಒಸಾಕಾದಲ್ಲಿಯೂ ಹಾಡಿದ್ದರು. ಅವರಿಗೆ ಅದು ನಂಬಿಕೆ. ಇಲ್ಲಿನ ಹುಡುಗರಿಗೆ ಸಾಮಾನ್ಯವಾಗಿ ಅಲಂಕಾರ.

‘ತಾನಾಗಿ ಬಂದದ್ದೇ ನಿಜವಾದ ಜಟೆ, ಕೈಯಿಂದ ಮಾಡಿದ್ದು ಸುಳ್ಳು’ ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇವೆ. ಅವರು ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡವನ್ನು ಓದಬೇಕು. ಗಂಗೆಯ ದಡದಲ್ಲಿ ಶ್ರೀರಾಮ ಗುಹನನ್ನು ಕೇಳುವುದು ಆಲದ ಮರದ ಹಾಲನ್ನು. ಆ ಅಂಟುಹಾಲನ್ನು ಹಚ್ಚಿ ತನಗೂ ಲಕ್ಷ್ಮಣನಿಗೂ ಅಲ್ಲಿಯೇ ಜಟೆ ಮಾಡುತ್ತಾನೆ. ವನವಾಸಕ್ಕೆ ಹೊರಟವನು ವರ್ಷಗಟ್ಟಲೆ ಕಾಯಲಿಲ್ಲ, ನೆರವು ಪಡೆದ! ಹದಿನಾಲ್ಕು ವರ್ಷ ಕಳೆದು ಮರಳಿದಾಗ ಏನಾಯಿತು? ಯುದ್ಧಕಾಂಡದ ಕೊನೆಯಲ್ಲಿ, ನಂದಿಗ್ರಾಮಕ್ಕೆ ಕೈಚಳಕದ ಕ್ಷೌರಿಕರು ಬರುತ್ತಾರೆ, ರಾಮನ ಜಟೆ ತೆಗೆದು ಸ್ನಾನ ಮಾಡಿಸುತ್ತಾರೆ. ವ್ರತ ಮುಗಿಯಿತು, ಜಟೆಯೂ ಹೋಯಿತು. ಯಾರೂ ಹೆದರಲಿಲ್ಲ. ಬೌದ್ಧ ಗ್ರಂಥಗಳಲ್ಲಿಯೂ ಹೀಗೆಯೇ. ಜಟಿಲರೆಂದೇ ಹೆಸರಾದ ಕಾಶ್ಯಪ ಸೋದರರು ಬುದ್ಧನ ಶಿಷ್ಯರಾದ ದಿನ ತಮ್ಮ ಜಟೆಯನ್ನು ಕತ್ತರಿಸಿ ನೇರಂಜರಾ ನದಿಯಲ್ಲಿ ತೇಲಿಬಿಟ್ಟರು.

ಇಷ್ಟನ್ನು ಏಕೆ ಹೇಳಿದೆವೆಂದರೆ, ನಮ್ಮ ನಾಡಿನಲ್ಲಿ ಜಟೆಗೆ ಹೆದರುವವರು ಇಂದಿಗೂ ಇದ್ದಾರೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತಲಿನ ಹಳ್ಳಿಗಳಲ್ಲಿ, ಗಡಿಯಾಚೆಯ ಕೊಲ್ಹಾಪುರ, ಸಾಂಗ್ಲಿಯಲ್ಲಿ ಹುಡುಗಿಯ ತಲೆಯಲ್ಲಿ ಒಂದು ಸಿಕ್ಕು ಕಾಣಿಸಿಕೊಂಡರೆ, ಅದು ಅಮ್ಮ ಕೊಟ್ಟ ಜಡೆ, ಮುಟ್ಟಬಾರದು ಎನ್ನುವ ನಂಬಿಕೆ ಹಿಂದಿನಿಂದ ಇದೆ. ಜಡೆ ಬಂದವಳನ್ನು ದೇವಿ ಕರೆದಿದ್ದಾಳೆ ಎಂದು ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಟ್ಟದ್ದೂ ಉಂಟು. ಓದು ಅಲ್ಲಿಗೆ ನಿಂತಿತು, ಮದುವೆ ಇಲ್ಲ, ಬಡತನ ಮಾತ್ರ ಉಳಿಯಿತು. ಕರ್ನಾಟಕದಲ್ಲಿ 1982ರ ಕಾಯ್ದೆ ದೇವದಾಸಿ ಬಿಡುವುದನ್ನು ಅಪರಾಧವೆಂದು ಸಾರಿತು. ಎಲ್ಲಮ್ಮನಲ್ಲಿ ಭಕ್ತಿ ಇಟ್ಟ ಮನೆಗಳು ಬಹಳ. ಆ ಭಕ್ತಿಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ‘ತಾನಾಗಿ ಬಂತು’ ಎಂಬ ಮಾತಿನ ಬಗ್ಗೆ.

ಆ ಜಡೆಯನ್ನು ಹತ್ತಿರದಿಂದ ನೋಡೋಣ. ಮೊದಲು ಒಂದು ಸಣ್ಣ ಗಂಟು. ಕಾಯಿಲೆ ಬಿದ್ದಾಗಲೋ, ಬಾಣಂತಿತನದಲ್ಲೋ, ಹೊಲದ ಕೆಲಸದ ನಡುವೆಯೋ ನಾಲ್ಕಾರು ವಾರ ಸರಿಯಾಗಿ ಬಾಚದಿದ್ದರೆ ಯಾರ ತಲೆಯಲ್ಲಿಯೂ ಬರುವಂಥದು. ಆಮೇಲೆ ಮನೆಯವರು ಬಾಚುವುದನ್ನು ನಿಲ್ಲಿಸುತ್ತಾರೆ. ಪೂಜೆ ಮಾಡಿ ಭಂಡಾರ ಹಚ್ಚುತ್ತಾರೆ. ಎಣ್ಣೆಯೂ ಅರಿಶಿನವೂ ಧೂಳೂ ಸೇರಿ ಅಂಟಾಗುತ್ತದೆ. ಉದುರಿದ ಕೂದಲು ಒಳಗೇ ಉಳಿಯುತ್ತದೆ. ಅಂದರೆ ಅಮೆರಿಕಾಮುರಾದ ಹುಡುಗ ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದನ್ನೇ ಇಲ್ಲಿ ಊರೆಲ್ಲ ಸೇರಿ, ತಿಳಿಯದೆ, ನಿಧಾನವಾಗಿ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಆ ಹುಡುಗ ತಾನೇ ಬೇಕೆಂದು ಕೂತ, ಬೇಡವಾದರೆ ನಾಳೆ ಕತ್ತರಿಸುತ್ತಾನೆ. ಈ ಹುಡುಗಿಯನ್ನು ಯಾರೂ ಕೇಳಲಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಯುರೋಪಿನ ಪೋಲೆಂಡಿನಲ್ಲಿ ಜಟೆಗಟ್ಟಿದ ಕೂದಲು ಎಷ್ಟು ಸಾಮಾನ್ಯವಾಗಿತ್ತೆಂದರೆ ವೈದ್ಯರು ಅದಕ್ಕೆ ಆ ದೇಶದ ಹೆಸರನ್ನೇ ಸೇರಿಸಿ ‘ಪ್ಲೈಕಾ ಪೊಲೊನಿಕಾ’ ಎಂದರು. ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂಬ ಭಯ ಅಲ್ಲಿಯೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್, ಮುಂದೆ ಆ ಊರಿನ ಮೇಯರ್ ಆದವರು, ಇದು ರೋಗವಲ್ಲ, ತೊಳೆಯದೆ ಬಾಚದೆ ಬಿಟ್ಟದ್ದರ ಫಲ ಎಂದು ಪಟ್ಟು ಹಿಡಿದು ಪ್ರಚಾರ ಮಾಡಿದರು. ನಮ್ಮ ಕಡೆ ಇಂಥ ಕೆಲಸವನ್ನು ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಮಾಡುತ್ತಿದ್ದಾರೆ. ದಾಭೋಲ್ಕರ್ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಲೆಯಾದರು. ಕೆಲಸ ನಿಲ್ಲಲಿಲ್ಲ. ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಹೆಂಗಸರನ್ನು ಮಾತಿಗೆಳೆದು, ಅವರು ಒಪ್ಪಿದ ಮೇಲೆಯೇ ಕತ್ತರಿ ಹಿಡಿಯುತ್ತಾರೆ. ಒಪ್ಪಿಸುವುದಕ್ಕೆ ಬಹಳ ದಿನ ಬೇಕು, ಕತ್ತರಿಸುವುದಕ್ಕೆ ಸ್ವಲ್ಪ ಹೊತ್ತು ಸಾಕು.

ಕೂದಲಿನ ವಿಷಯದಲ್ಲಿ ಮಕ್ಕಳನ್ನು ಕೇಳದೆ ನಿರ್ಧರಿಸುವುದು ಹಳ್ಳಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನೂ ಪೋಷಕರು ಗಮನಿಸಬೇಕು. ಒಸಾಕಾ ಪ್ರಾಂತದ ಹೈಸ್ಕೂಲೊಂದರಲ್ಲಿ, ಹುಟ್ಟಿನಿಂದಲೇ ಕಂದುಗೂದಲಿದ್ದರೂ ಕಪ್ಪು ಬಣ್ಣ ಹಚ್ಚಿಸಿದರೆಂದು ಹುಡುಗಿಯೊಬ್ಬಳು 2017ರಲ್ಲಿ ನ್ಯಾಯಾಲಯಕ್ಕೆ ಹೋದಳು. 2021ರಲ್ಲಿ ಒಸಾಕಾ ಜಿಲ್ಲಾ ನ್ಯಾಯಾಲಯ, ಬಣ್ಣದ ನಿಯಮ ಕಾನೂನಿಗೆ ವಿರುದ್ಧವಲ್ಲ ಎಂದಿತು. ಆದರೆ ತರಗತಿಯಿಂದ ಅವಳ ಮೇಜನ್ನೂ ಪಟ್ಟಿಯಿಂದ ಹೆಸರನ್ನೂ ತೆಗೆದದ್ದು ತಪ್ಪೆಂದು 3,30,000 ಯೆನ್ ಪರಿಹಾರ ಕೊಡಿಸಿತು. 2023ರಲ್ಲಿ ಪಕ್ಕದ ಹ್ಯೋಗೊ ಪ್ರಾಂತದ ಹಿಮೆಜಿಯಲ್ಲಿ, ಆಫ್ರಿಕನ್ ಅಮೆರಿಕನ್ ತಂದೆಯ ಮಗನೊಬ್ಬ ತನ್ನ ಗುಂಗುರು ಕೂದಲನ್ನು ಅಚ್ಚುಕಟ್ಟಾಗಿ ತಲೆಗಂಟಿಸಿ ಹೆಣೆದುಕೊಂಡು ಬಂದುದಕ್ಕೆ ಪದವಿ ಸಮಾರಂಭದಲ್ಲಿ ಉಳಿದವರಿಂದ ದೂರ, ಮಹಡಿಯ ಮೇಲೆ ಕೂರಿಸಿದರು. ನಿಯಮ ಬರೆದವರ ಕಣ್ಣಿಗೆ ನೇರ ಕಪ್ಪು ಕೂದಲೊಂದೇ ಸಹಜ. ಆ ಹುಡುಗನಿಗೆ ಹೆಣೆಯುವುದೇ ಬಾಚಿದಂತೆ. ಮುಂದೆ ಇಲ್ಲಿನ ಹೈಸ್ಕೂಲು ಸೇರುವ ಗುಂಗುರು ಕೂದಲಿನ ಮಕ್ಕಳ ತಂದೆತಾಯಂದಿರು ಶಾಲೆಯ ನಿಯಮಗಳನ್ನು ಮೊದಲೇ ಓದಿಕೊಂಡು, ಬೇಕಾದರೆ ಶಿಕ್ಷಕರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಕೊನೆಗೆ ಉಪಯೋಗದ ಒಂದು ಮಾತು. ರಜೆಯಲ್ಲಿ ಊರಿಗೆ ಹೋದಾಗ, ಅಥವಾ ಜ್ವರ ಬಂದು ಮಲಗೆದ್ದಾಗ, ಮಗುವಿನ ತಲೆಯಲ್ಲಿ ಸಿಕ್ಕು ಕಂಡರೆ ಗಾಬರಿ ಬೇಡ. ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಒಂದೆರಡು ಗಂಟೆ ಬಿಡಿ. ಬೆರಳಿನಿಂದಲೇ ಗಂಟನ್ನು ಎರಡಾಗಿ, ನಾಲ್ಕಾಗಿ ಬಿಡಿಸಿ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡು ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗಿ. ಪ್ರತಿ ಸಲವೂ ಬಾಚಣಿಗೆ ಎಳೆಯುವುದು ಕೆಳಮುಖವಾಗಿಯೇ ಇರಲಿ. ಬುಡದಿಂದಲೇ ಶುರುಮಾಡಿದರೆ ಎಲ್ಲ ಸಿಕ್ಕೂ ತುದಿಗೆ ಇಳಿದು ಒಂದೇ ಗಂಟಾಗುತ್ತದೆ, ಮಗುವೂ ಅಳುತ್ತದೆ. ಹೊಸ ಸಿಕ್ಕು ಸಾಮಾನ್ಯವಾಗಿ ಇಷ್ಟಕ್ಕೇ ಬಿಡುತ್ತದೆ. ವರ್ಷಗಳ ಹಳೆಯದಾದರೆ ಕತ್ತರಿಯೇ ಸರಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಉಂಟು. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ, ಬಾಚದೆ ಗಂಟಾದ ಕೂದಲಿಗೆ ನಿಮ್ಮ ಕಡೆ ಏನೆನ್ನುತ್ತಾರೆ ಎಂದು ಅಜ್ಜಿಯನ್ನು ಕೇಳಿ. ಸಿಕ್ಕು, ಗಂಟು, ಜಡಿ, ಜಟೆ, ಇನ್ನೂ ಬೇರೆ ಹೆಸರಿದ್ದೀತು. ಅಂಥ ಕೂದಲನ್ನು ಅಜ್ಜಿ ಎಂದಾದರೂ ಬಿಡಿಸಿದ್ದುಂಟೇ, ಯಾರದು, ಹೇಗೆ ಎಂಬುದನ್ನೂ ಕೇಳಿ ಹತ್ತು ವಾಕ್ಯಗಳಲ್ಲಿ ಬರೆದು ತನ್ನಿ.