ಕ್ಯಾಮೆರಾದ ಫ್ಯಾನು ನಕ್ಷತ್ರವನ್ನು ಅಲುಗಾಡಿಸಿದಾಗ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ನೀವು ತೆಗೆದ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ, ನಡುಭಾಗದಲ್ಲಿರುವ ಸಣ್ಣ ನಕ್ಷತ್ರಗಳನ್ನು ನೋಡಿ. ದುಂಡಗಿದ್ದರೆ ಸರಿ. ಮೊಟ್ಟೆಯಂತೆ ಒಂದು ಕಡೆಗೆ ಎಳೆದುಕೊಂಡಿದ್ದರೆ, ಅಥವಾ ಫೋಕಸ್ ಸರಿಯಿದ್ದೂ ಉಬ್ಬಿಕೊಂಡಿದ್ದರೆ, ಚಿತ್ರ ತೆಗೆಯುವಾಗ ಏನೋ ಅಲುಗಿದೆ ಎಂದರ್ಥ. ಗಾಳಿ, ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟಿನ ಗೇರು, ಸಡಿಲ ಸ್ಕ್ರೂ, ತಾರಸಿಯ ಮೇಲೆ ನಿಮ್ಮದೇ ಓಡಾಟ, ಹೀಗೆ ಕಾರಣ ಹಲವಿರಬಹುದು. ಹೊಸಬರು ಎಲ್ಲವನ್ನೂ ಅನುಮಾನಿಸಿ ಕಡೆಗೆ ಗಮನಿಸುವುದು ಕ್ಯಾಮೆರಾದ ಬೆನ್ನಿಗೇ ಅಂಟಿಕೊಂಡು ತಿರುಗುವ ಪುಟ್ಟ ಫ್ಯಾನನ್ನು. ಶಿವಮೊಗ್ಗ, ಭದ್ರಾವತಿಯಂಥ ಬೆಚ್ಚನೆಯ ಊರುಗಳಲ್ಲಿ ಆ ಫ್ಯಾನಿಗೆ ಕೆಲಸ ಹೆಚ್ಚು. ಆದ್ದರಿಂದ ಅದರ ಪಾಠ ನಮಗೆ ಮೊದಲೇ ಬೇಕು.

ಫ್ಯಾನು ಯಾಕಿದೆ ಎಂಬಲ್ಲಿಂದ ಶುರು ಮಾಡೋಣ. ಕ್ಯಾಮೆರಾದ ಸೆನ್ಸರ್ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳನ್ನು ಕೂಡಿಡುತ್ತದೆ. ಬೆಳಕೇ ಇಲ್ಲದಿದ್ದರೂ ಬರೀ ಶಾಖದಿಂದ ಒಂದಿಷ್ಟು ಎಲೆಕ್ಟ್ರಾನುಗಳು ಹುಟ್ಟಿ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಐದು ನಿಮಿಷ ತೆರೆದಿಟ್ಟ ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ಗದ್ದಲದಲ್ಲಿ ಇವುಗಳದೂ ಪಾಲಿದೆ. ಸೆನ್ಸರನ್ನು ಸುಮಾರು 6 ಡಿಗ್ರಿ ತಂಪು ಮಾಡಿದಂತೆಲ್ಲ ಶಾಖದ ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತವೆ. ಅದಕ್ಕೇ ತಂಪು. ಮೊದಲು ಗಡಿಯಾರ ತಯಾರಕನಾಗಿದ್ದ ಫ್ರಾನ್ಸಿನ ಪೆಲ್ಟಿಯೆ 1834ರಲ್ಲಿ ಕಂಡ ವಿದ್ಯಮಾನವನ್ನೇ ತಂಪಿನ ವ್ಯವಸ್ಥೆಯಿರುವ ಈ ಕ್ಯಾಮೆರಾಗಳು ಬಳಸುತ್ತವೆ: ಒಂದು ಬಿಲ್ಲೆಯ ಮೂಲಕ ವಿದ್ಯುತ್ ಹರಿಸಿದರೆ ಅದರ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ತಣ್ಣನೆಯ ಮುಖಕ್ಕೆ ಸೆನ್ಸರ್, ಬಿಸಿಯ ಮುಖಕ್ಕೆ ಹೀಟ್‌ಸಿಂಕ್, ಹೀಟ್‌ಸಿಂಕಿನ ಬಿಸಿಯನ್ನು ಹೊರಗೆ ತಳ್ಳಲು ಫ್ಯಾನು. ಫ್ಯಾನು ನಿಂತರೆ ಬಿಸಿ ಅಲ್ಲೇ ಉಳಿದು ಬಿಲ್ಲೆ ಕೆಡಬಹುದು.

ದೊಡ್ಡ ವೀಕ್ಷಣಾಲಯಗಳಲ್ಲಿ ಹಲವಕ್ಕೆ ಈ ತೊಡಕಿಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ 2 ಮೀಟರ್ ವ್ಯಾಸದ ದೂರದರ್ಶಕವನ್ನು ನಡೆಸುತ್ತದೆ. ಅದನ್ನು ನಮ್ಮ ಹೊಸಕೋಟೆಯಲ್ಲೇ ಕೂತು, ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸುತ್ತಾರೆ. ಅಲ್ಲಿನ ಮುಖ್ಯ ಕ್ಯಾಮೆರಾವನ್ನು ತಂಪಾಗಿಡುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ತಿರುಗುವ ಭಾಗವೇ ಇಲ್ಲದ ತಂಪು ಅದು. ಮನೆಯ ತಾರಸಿಯಲ್ಲಿ ಅದು ಸಾಧ್ಯವಿಲ್ಲದ್ದರಿಂದ ನಾವು ಫ್ಯಾನಿನ ಜೊತೆಗೇ ಬಾಳಬೇಕು.

ಫ್ಯಾನು ಅಲುಗಾಡಿಸುವುದು ಹೇಗೆ? 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಭದ್ರಾವತಿಯವರಿಗೆ, ಮಾಚೇನಹಳ್ಳಿಯ ಫೌಂಡ್ರಿ, ವರ್ಕ್‌ಶಾಪುಗಳಲ್ಲಿ ದುಡಿಯುವವರಿಗೆ ಇದನ್ನು ವಿವರಿಸುವುದು ಸುಲಭ. ಬ್ಲೋವರಿನ ಒಂದು ರೆಕ್ಕೆ ಸವೆದರೆ, ಒಂದು ಕಡೆ ಮಸಿ ಕಟ್ಟಿದರೆ, ಅದರ ಮೈ ಮೇಲೆ ಕೈಯಿಟ್ಟಾಗ ನಡುಕ ತಿಳಿಯುತ್ತದೆ. ಬ್ಯಾಲೆನ್ಸ್ ತಪ್ಪಿದೆ ಎಂದು ಅವರು ಕೈಯಲ್ಲೇ ಹೇಳುತ್ತಾರೆ. ಕ್ಯಾಮೆರಾದ ಫ್ಯಾನಿನಲ್ಲೂ ನಡೆಯುವುದು ಇದೇ. ನಿಮಿಷಕ್ಕೆ 3000 ಸುತ್ತು ತಿರುಗುವ ಫ್ಯಾನು ಸೆಕೆಂಡಿಗೆ 50 ಸಲ ಕ್ಯಾಮೆರಾವನ್ನು ಆ ಕಡೆ ಈ ಕಡೆ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಅದೇ ಅಸಮತೋಲದ ತಳ್ಳು ನಾಲ್ಕು ಪಟ್ಟಾಗುತ್ತದೆ. ದೂರದರ್ಶಕಕ್ಕೂ ಅದರ ಕಾಲಿಗೂ ತಮ್ಮದೇ ಆದ ಸಹಜ ಕಂಪನವಿದೆ. ಫ್ಯಾನಿನ ತಳ್ಳು ಅದಕ್ಕೆ ತಾಳ ಹೊಂದಿದರೆ, ಕೈಗೆ ತಿಳಿಯದಷ್ಟು ಸಣ್ಣ ನಡುಕವೂ ಬೆಳೆದುಬಿಡುತ್ತದೆ.

ಎಷ್ಟು ಅಲುಗಿದರೆ ಕೆಡುತ್ತದೆ ಎಂಬುದನ್ನು ಲೆಕ್ಕದಲ್ಲಿ ನೋಡಿ. ಒಂದು ಡಿಗ್ರಿಯ 3600ನೇ ಒಂದು ಭಾಗ ಆರ್ಕ್‌ಸೆಕೆಂಡ್. ಒಂದು ಮೀಟರ್ ಉದ್ದದ ಕೊಳವೆಯ ಒಂದು ತುದಿ ಕೇವಲ 5 ಮೈಕ್ರಾನ್ ಸರಿದರೆ, ಅಂದರೆ ಮಿಲಿಮೀಟರಿನ 200ರಲ್ಲಿ ಒಂದು ಪಾಲು ಸರಿದರೆ, ಅದು ನೋಡುವ ದಿಕ್ಕು ಒಂದು ಆರ್ಕ್‌ಸೆಕೆಂಡ್ ತಪ್ಪುತ್ತದೆ. ಈಗ ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಅಗಲ ಎಂದು ತಿಳಿಯಬೇಕು. ಪಿಕ್ಸೆಲಿನ ಅಳತೆಯನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರಿನಲ್ಲಿರುವ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ಇಂದು ಬಹಳ ಕ್ಯಾಮೆರಾಗಳಲ್ಲಿರುವ 3.76 ಮೈಕ್ರಾನ್ ಪಿಕ್ಸೆಲಿಗೆ 400 ಮಿಲಿಮೀಟರ್ ದೂರದರ್ಶಕದಲ್ಲಿ 1.9 ಆರ್ಕ್‌ಸೆಕೆಂಡ್ ಬರುತ್ತದೆ, 2000 ಮಿಲಿಮೀಟರಿನಲ್ಲಿ 0.39. ಹೊಸಬರು ಫೋಕಲ್ ಲೆಂಗ್ತ್ ಕಡಿಮೆಯಿರುವ ಸಣ್ಣ ಲೆನ್ಸಿನ ದೂರದರ್ಶಕದಿಂದಲೇ ಕಲಿಕೆ ಶುರು ಮಾಡಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. 400 ಮಿಲಿಮೀಟರಿನಲ್ಲಿ ಫ್ಯಾನಿನ ನಡುಕ ಬಹುಪಾಲು ಒಂದು ಪಿಕ್ಸೆಲಿನೊಳಗೇ ಅಡಗಿಹೋಗುತ್ತದೆ. 2000 ಮಿಲಿಮೀಟರಿನಲ್ಲಿ ಅಡಗಲು ಜಾಗವಿಲ್ಲ.

ಗೈಡಿಂಗ್ ಇದೆಯಲ್ಲ, ಅದು ಸರಿ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಗೈಡ್ ಕ್ಯಾಮೆರಾ ಒಂದೆರಡು ಸೆಕೆಂಡಿಗೊಮ್ಮೆ ನಕ್ಷತ್ರದ ಜಾಗ ನೋಡಿ ಮೌಂಟನ್ನು ತಿದ್ದುತ್ತದೆ. ಅಷ್ಟರಲ್ಲಿ ಫ್ಯಾನು ನೂರು ಸಲ ತಳ್ಳಿ ಆಗಿರುತ್ತದೆ. ಆದ್ದರಿಂದ ಗೈಡಿಂಗ್ ಗ್ರಾಫು ನೇರವಾಗಿದ್ದೂ ನಕ್ಷತ್ರ ಉಬ್ಬಿರುವುದು ಸಾಧ್ಯ.

ಹಾಗೆಂದು ಫ್ಯಾನಿನ ಮೇಲೆ ತಪ್ಪು ಹೊರಿಸಲು ಅವಸರ ಬೇಡ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಬಿ.ಎಚ್. ರಸ್ತೆಯ ಪಕ್ಕದ ಮನೆಯ ತಾರಸಿಯಾದರೆ ಲಾರಿ ಹೋದಾಗಲೆಲ್ಲ ಕಟ್ಟಡವೇ ಸಣ್ಣಗೆ ನಡುಗಬಹುದು. ಆಗ ಕೆಲವು ಚಿತ್ರಗಳು ಕೆಟ್ಟಿರುತ್ತವೆ, ಕೆಲವು ಚೆನ್ನಾಗಿರುತ್ತವೆ. ಮೌಂಟನ್ನು ಹೊಂದಿಸಲು ಬೇಕಾದ ಧ್ರುವ ನಕ್ಷತ್ರ ನಮಗೆ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ. ಪಕ್ಕದ ಮನೆಯೋ ತೆಂಗಿನ ಮರವೋ ಅದನ್ನು ಮುಚ್ಚುವುದುಂಟು. ಅದು ಕಾಣದೆ ಅಂದಾಜಿನಲ್ಲಿ ಮೌಂಟನ್ನು ಹೊಂದಿಸಿದರೆ ನಕ್ಷತ್ರಗಳು ಗೆರೆಯಾಗುತ್ತವೆ, ಚಿತ್ರದ ಅವಧಿ ಹೆಚ್ಚಿಸಿದಷ್ಟೂ ಗೆರೆ ಉದ್ದವಾಗುತ್ತದೆ. ಫ್ಯಾನಿನ ಗುಣ ಬೇರೆ. 5 ಸೆಕೆಂಡಿನ ಚಿತ್ರದಲ್ಲೂ 5 ನಿಮಿಷದ ಚಿತ್ರದಲ್ಲೂ ಅದು ಒಂದೇ ಸಮ ಕೆಡಿಸುತ್ತದೆ.

ಈ ಗುಣವನ್ನೇ ಹಿಡಿದು ಪರೀಕ್ಷೆ ಮಾಡಿ. ಗಾಳಿಯಿಲ್ಲದ ರಾತ್ರಿ ನೆತ್ತಿಯ ಹತ್ತಿರದ ನಕ್ಷತ್ರಗಳ ಕಡೆ ತಿರುಗಿಸಿ, ಫೋಕಸ್ ಮಾಡಿ. ತಂಪಿನ ಗುರಿಯನ್ನು ಹೊರಗಿನ ಉಷ್ಣತೆಯ ಆಸುಪಾಸಿಗೇ ಇಡಿ. ಆಗ ಪೆಲ್ಟಿಯೆ ಬಿಲ್ಲೆಗೆ ಹೆಚ್ಚು ಕೆಲಸವಿರುವುದಿಲ್ಲ, ಫ್ಯಾನು ಮಾತ್ರ ತಿರುಗುತ್ತಿರುತ್ತದೆ. 5 ಸೆಕೆಂಡಿನ ಹತ್ತು ಚಿತ್ರ ತೆಗೆಯಿರಿ. ಆಮೇಲೆ ತಂಪಿನ ವ್ಯವಸ್ಥೆಯನ್ನು ಆರಿಸಿ. ಹಲವು ಕ್ಯಾಮೆರಾಗಳಲ್ಲಿ ಇದರೊಂದಿಗೆ ಫ್ಯಾನೂ ನಿಲ್ಲುತ್ತದೆ, ಕೆಲವುಗಳಲ್ಲಿ ಫ್ಯಾನಿಗೆ ಬೇರೆ ಆಯ್ಕೆ ಇರುತ್ತದೆ. ಫ್ಯಾನು ನಿಂತಾಗ ಮತ್ತೆ ಹತ್ತು. ಹೀಗೆ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ, ಮತ್ತೆ ನಿಲ್ಲಿಸಿ ಮಾಡಬೇಕು. ಒಂದೇ ಸಲ ಮಾಡಿದರೆ ವಾತಾವರಣದ ಮಿನುಗು ಬದಲಾದದ್ದನ್ನು ಫ್ಯಾನಿನ ತಲೆಗೆ ಕಟ್ಟುವ ಅಪಾಯವಿದೆ. ಚಿತ್ರ ಸಂಸ್ಕರಿಸುವ ತಂತ್ರಾಂಶ ನಕ್ಷತ್ರದ ಅಗಲವನ್ನೂ ಎಷ್ಟು ಮೊಟ್ಟೆಯಾಗಿದೆ ಎಂಬುದನ್ನೂ ಅಂಕಿಯಲ್ಲಿ ಕೊಡುತ್ತದೆ. ಪ್ರತಿ ಸಲ ಫ್ಯಾನು ತಿರುಗಿದಾಗ ಅಂಕಿ ಏರಿ, ನಿಂತಾಗ ಇಳಿದರೆ ಕಾರಣ ಸಿಕ್ಕಿತು. ಒಂದು ಎಚ್ಚರಿಕೆ: ಪೆಲ್ಟಿಯೆ ಬಿಲ್ಲೆ ಜೋರಾಗಿ ಕೆಲಸ ಮಾಡುತ್ತಿರುವಾಗ ಫ್ಯಾನನ್ನು ಎಂದಿಗೂ ನಿಲ್ಲಿಸಬೇಡಿ.

ಕಾರಣ ಫ್ಯಾನೇ ಎಂದಾದರೆ ಹಗಲಲ್ಲಿ ಮೇಜಿನ ಮೇಲಿಟ್ಟು ಕಿವಿಗೊಡಿ. ಮೆಕ್ಯಾನಿಕ್‌ಗಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಹೊರಮೈಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟು ಕೇಳುವುದನ್ನು ನೋಡಿರುತ್ತೀರಿ. ರೆಕ್ಕೆಗೆ ತಾಗದಂತೆ ಫ್ಯಾನಿನ ಚೌಕಟ್ಟಿನ ಮೇಲೆ ಹಾಗೇ ಇಟ್ಟು ಕೇಳಿ. ಸಮನಾದ ಗುಂಯ್ ಶಬ್ದ ಕೇಳಿಸಿದರೆ ಬೇರಿಂಗ್ ಗಟ್ಟಿಯಾಗಿದೆ. ಗರಗರ ಎಂದರೆ, ಏರಿಳಿದರೆ ಸವೆದಿದೆ. ಸವೆದ ಬೇರಿಂಗಿಗೆ ಮದ್ದಿಲ್ಲ, ಫ್ಯಾನನ್ನೇ ಬದಲಿಸಬೇಕು.

ಶಬ್ದ ಸಮನಾಗಿದ್ದರೆ ಮೊದಲು ದೂಳು ತೆಗೆಯಿರಿ. ಮೆತ್ತನೆಯ ಬ್ರಷ್ ಸಾಕು, ಊದುವುದಾದರೆ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದಿರಿ. ಯಾವುದಾದರೂ ಕೇಬಲ್ ರೆಕ್ಕೆಗೋ ಜಾಲರಿಗೋ ಸವರುತ್ತಿದೆಯೇ ನೋಡಿ. ಸ್ಕ್ರೂಗಳು ಸಡಿಲವಾಗಿದ್ದರೆ ಚೌಕಟ್ಟು ಕಟಕಟ ಅನ್ನುತ್ತದೆ, ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ಇಷ್ಟರಿಂದ ಸರಿಹೋಗದಿದ್ದರೆ ಮಾತ್ರ ಫ್ಯಾನನ್ನು ಬಿಚ್ಚುವ ಯೋಚನೆ. ಬಿಚ್ಚಿದರೆ ವಾರಂಟಿ ಹೋಗುತ್ತದೆಯೇ ಎಂದು ಮೊದಲು ಓದಿಕೊಳ್ಳಿ. ಹೊಸ ಫ್ಯಾನು ಅದೇ ಅಳತೆಯದು, ಅದೇ ವೋಲ್ಟೇಜಿನದು, ಗಾಳಿ ಅದೇ ದಿಕ್ಕಿಗೆ ತಳ್ಳುವಂಥದು ಆಗಿರಬೇಕು. ಆಯಸ್ಕಾಂತದ ಬಲದಿಂದ ಶಾಫ್ಟನ್ನು ಹಿಡಿದಿಡುವ, ಮ್ಯಾಗ್‌ಲೆವ್ ಎಂದು ಕರೆಯುವ ಫ್ಯಾನುಗಳು ಸಾಮಾನ್ಯವಾಗಿ ಕಡಿಮೆ ನಡುಗುತ್ತವೆ.

ಇನ್ನು ರಬ್ಬರ್. ನಾನು ಬಹಳ ಮುಖ್ಯವೆಂದು ಎಣಿಸುವ ವಿಷಯ ಇದು. ನಡುಕ ಎಂದ ಕೂಡಲೇ ಎಲ್ಲರ ಕೈಯೂ ರಬ್ಬರಿನತ್ತ ಹೋಗುತ್ತದೆ. ಕ್ಯಾಮೆರಾ ಮತ್ತು ದೂರದರ್ಶಕದ ನಡುವೆ ರಬ್ಬರ್ ಹಾಕಿದರೆ ಕ್ಯಾಮೆರಾದ ಭಾರಕ್ಕೆ ಅದು ಕುಸಿಯುತ್ತದೆ, ಸೆನ್ಸರ್ ವಾಲುತ್ತದೆ, ಚಿತ್ರದ ಒಂದು ಮೂಲೆಯ ನಕ್ಷತ್ರಗಳು ಫೋಕಸ್ ತಪ್ಪುತ್ತವೆ. ಮೆತ್ತನೆಯದು ಇರಬೇಕಾದದ್ದು ಒಂದೇ ಕಡೆ: ಫ್ಯಾನು ಮತ್ತು ಕ್ಯಾಮೆರಾ ಮೈಯ ನಡುವೆ. ಅಲ್ಲಿಂದ ಮುಂದೆ ಅಡಾಪ್ಟರು, ಫೋಕಸರ್, ಕೊಳವೆಯನ್ನು ಮೌಂಟಿಗೆ ಹಿಡಿಸುವ ಡವ್‌ಟೇಲ್ ಪಟ್ಟಿ, ಮೌಂಟು, ಕಾಲು, ಎಲ್ಲವೂ ಗಟ್ಟಿಯಾಗಿರಬೇಕು. ಫ್ಯಾನಿನಡಿಯ ರಬ್ಬರೂ ಎಂಥದೋ ಆದರೆ ನಡೆಯದು. ಅದರ ಮೇಲೆ ಕೂತ ಫ್ಯಾನಿನ ಸಹಜ ಕಂಪನ ಫ್ಯಾನು ತಿರುಗುವ ವೇಗಕ್ಕಿಂತ ಬಹಳ ಕಡಿಮೆ ಇದ್ದಾಗ ಮಾತ್ರ ನಡುಕ ದಾಟದೆ ನಿಲ್ಲುತ್ತದೆ. ಫ್ಯಾನು ತೀರ ಹಗುರ, ಹಾಗಾಗಿ ಹಾರ್ಡ್‌ವೇರ್ ಅಂಗಡಿಯ ಗಟ್ಟಿ ವಾಷರು ಅದಕ್ಕೆ ಕಲ್ಲಿದ್ದಂತೆ. ಬೆರಳಲ್ಲಿ ಒತ್ತಿದರೆ ಸುಲಭವಾಗಿ ಬಾಗುವ ಸಿಲಿಕೋನ್ ಗೂಟಗಳು ಬೇಕು. ಲೋಹದ ಸ್ಕ್ರೂ ಅದರ ಮೂಲಕ ಹಾದು ಬಿಗಿದರೆ ನಡುಕ ಸ್ಕ್ರೂವಿನಲ್ಲೇ ಹಾದು ಹೋಗುತ್ತದೆ, ಆದ್ದರಿಂದ ಸ್ಕ್ರೂ ಇಲ್ಲದೆ ಎಳೆದು ಕೂರಿಸುವ ಗೂಟವೇ ಮೇಲು.

ಬಿಚ್ಚುವ ಧೈರ್ಯವಿಲ್ಲದವರಿಗೂ ಒಂದು ದಾರಿಯಿದೆ. ಕೆಲವು ಕ್ಯಾಮೆರಾಗಳಲ್ಲಿ ಫ್ಯಾನಿನ ವೇಗವನ್ನು ಇಳಿಸಬಹುದು. ಇಳಿಸಬೇಕಾದರೆ ತಂಪಿನ ಗುರಿ ಹದವಾಗಿರಬೇಕು. ಏಪ್ರಿಲಿನ ಸಂಜೆ ತಾರಸಿಯಲ್ಲಿ 28 ಡಿಗ್ರಿ ಇರುವಾಗ ಮೈನಸ್ 10ಕ್ಕೆ ಇಳಿಸಿ ಎಂದರೆ 38 ಡಿಗ್ರಿ ತಂಪು ಕೇಳಿದಂತೆ. ಹಲವು ಕ್ಯಾಮೆರಾಗಳಿಗೆ ಅದು ತಾಕತ್ತಿನ ಅಂಚು. ಈಗಿನ ಹೊಸ ಸೆನ್ಸರುಗಳಲ್ಲಿ 0 ಡಿಗ್ರಿಯಲ್ಲೇ ಶಾಖದ ಗದ್ದಲ ನಮ್ಮ ಊರಿನ ಬೀದಿದೀಪಗಳು ಆಕಾಶಕ್ಕೆ ಚೆಲ್ಲುವ ಬೆಳಕಿನ ಮುಂದೆ ಲೆಕ್ಕಕ್ಕಿಲ್ಲದಷ್ಟು. ಬೇಸಿಗೆಯಲ್ಲಿ 0, ಡಿಸೆಂಬರ್-ಜನವರಿಯಲ್ಲಿ ಮೈನಸ್ 10 ಸಾಕು. ಶಾಖದ ಗದ್ದಲವನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಚಿತ್ರಗಳನ್ನು ಎರಡೂ ಉಷ್ಣತೆಗೆ ಬೇರೆ ಬೇರೆಯಾಗಿ ತೆಗೆದಿಡಿ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮೋಡ. ಕ್ಯಾಮೆರಾ ಪೆಟ್ಟಿಗೆಯಲ್ಲೇ ಇರುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು, ಆಗಾಗ ಅದನ್ನು ಬಿಸಿಮಾಡಿ ಒಣಗಿಸಿ. ಮಲೆನಾಡಿನ ತೇವ ಹೀಟ್‌ಸಿಂಕಿನ ದೂಳನ್ನು ಅಂಟಾಗಿಸುತ್ತದೆ. ದಸರಾ ಹೊತ್ತಿಗೆ ಮೋಡ ಸರಿದ ಮೊದಲ ರಾತ್ರಿ ಬೇರೇನಕ್ಕೂ ಮುಂಚೆ ಫ್ಯಾನು ತಿರುಗಿಸಿ, ನಿಲ್ಲಿಸಿ ಆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಹೋದ ವರ್ಷದ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಿ.