ಗಂಡುಗಲಿ: ಬಲವನ್ನು ಹೇಳುವ ಬಿರುದಿನ ಮೂಲ ಮತ್ತು ಅರ್ಥ

ಗಂಗಾವತಿ ಸೀಮೆಯ ಕುಮ್ಮಟದುರ್ಗದೊಂದಿಗೆ ಬೆಸೆದ ಹೆಸರು ಗಂಡುಗಲಿ ಕುಮಾರರಾಮ. ಈತ ಕಂಪಿಲಿಯ ಅರಸ ಕಂಪಿಲರಾಯನ ಮಗ. ಮುಹಮ್ಮದ್ ಬಿನ್ ತುಘಲಕ್‌ನ ದಾಳಿಗೆ ಸಿಲುಕಿ ಕಂಪಿಲಿ ರಾಜ್ಯ 1327ರ ಸುಮಾರಿಗೆ ಪತನವಾಯಿತು. ಕುಮಾರರಾಮನ ‘ಗಂಡುಗಲಿ’ ಎಂಬ ಬಿರುದಿನ ಎರಡೂ ಭಾಗಗಳು ಬಲವನ್ನೇ ಸಾರುತ್ತವೆ. ‘ಗಂಡು’ ಇಲ್ಲಿ ಬರೀ ಲಿಂಗಸೂಚಕವಲ್ಲ. ಗಂಡೆದೆ, ಗಂಡುಮೆಟ್ಟಿದ ನೆಲ ಎಂಬ ಬಳಕೆಗಳಲ್ಲಿರುವಂತೆ ಕೆಚ್ಚು ಅದರ ಅರ್ಥ. ‘ಕಲಿ’ ಎಂದರೆ ಶೂರ, ‘ಕಲಿತನ’ ಎಂದರೆ ಶೌರ್ಯ.

ಕಲಿಯುಗದ ‘ಕಲಿ’ಯೇ ಇಲ್ಲಿಯೂ ಇದೆಯಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಸಂಸ್ಕೃತದ ಕಲಿಗೆ ಜಗಳ, ಸೋಲಿನ ದಾಳ, ಕೊನೆಯ ಯುಗ ಎಂಬ ಅರ್ಥಗಳಿವೆ. ಅಂಥ ಕೇಡಿನ ಹೆಸರು ವೀರನ ಮೆಚ್ಚುಗೆಯ ಬಿರುದಾಗುವುದು ಹೊಂದದು. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿದರೆ ಅರಿಸಮಾಸವೆಂಬ ದೋಷವಾಗುತ್ತದೆ, ಹಾಗಾಗಿ ಇದು ಸಂಸ್ಕೃತದ ಕಲಿಯಲ್ಲ ಎಂದೂ ವಾದಿಸಬಹುದು. ಆದರೆ ಬಿರುದುಗಳಿಗೆ ಆ ನಿಯಮದಿಂದ ವಿನಾಯಿತಿ ಇರುವುದರಿಂದ ಆ ವಾದವೊಂದೇ ನಿರ್ಣಾಯಕವಲ್ಲ. ಹಾಗಾಗಿ ಅರ್ಥದ ಸಾಕ್ಷ್ಯವೇ ಗಟ್ಟಿ: ರೂಪ ಒಂದಾದರೂ ಪದಗಳು ಎರಡು, ವೀರಾರ್ಥದ ಕಲಿ ಅಚ್ಚಗನ್ನಡ. ಪರೀಕ್ಷೆಗೆ ನೆನಪಿಡಬೇಕಾದುದು: ಗಂಡು + ಕಲಿ = ಗಂಡುಗಲಿ; ಕಕಾರಕ್ಕೆ ಗಕಾರ ಬಂದಿರುವುದರಿಂದ ಆದೇಶ ಸಂಧಿ; ಸಮಾಸ ಕರ್ಮಧಾರಯ.