ಮೊದಲ ಮಾತಿಗೆ ಮುನ್ನ ಶಿಶುವಿನ ಸಂವಹನ: ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಟಿಪ್ಪಣಿ

ಸನ್ನಿವೇಶ: ಮಂಗಳೂರಿನ ಕುದ್ರೋಳಿ. ತುಳು, ಬ್ಯಾರಿ, ಕೊಂಕಣಿ, ಕನ್ನಡ ಅಕ್ಕಪಕ್ಕದಲ್ಲೇ ಕಿವಿಗೆ ಬೀಳುವ ಪ್ರದೇಶ.

1. ಹಂತಗಳು (ಸರಾಸರಿ, ಮಗುವಿನಿಂದ ಮಗುವಿಗೆ ವ್ಯತ್ಯಾಸ ಸಹಜ)
- ಅಳು: ಹುಟ್ಟಿನಿಂದ
- ಕೂಯಿಂಗ್ ('ಊ', 'ಆ'): 2–3 ತಿಂಗಳು
- ಬ್ಯಾಬ್ಲಿಂಗ್ ('ಬಬಬ', 'ದದದ'): 6–10 ತಿಂಗಳು
- ಬೆರಳು ತೋರಿಸುವುದು: 9–14 ತಿಂಗಳು
- ಮೊದಲ ಪದ: ಸುಮಾರು 12 ತಿಂಗಳು
- ಎರಡು ಪದಗಳ ಜೋಡಣೆ: 18–24 ತಿಂಗಳು

2. ಧ್ವನಿ ಭೇದ (ಪರೀಕ್ಷೆಯಲ್ಲಿ ಕೇಳುವ ಸಾಧ್ಯತೆ ಹೆಚ್ಚು): ವೆರ್ಕರ್ ಮತ್ತು ಟೀಸ್, 1984. ಹಿಂದಿಯ ತ–ಟ ವ್ಯತ್ಯಾಸವನ್ನು ಇಂಗ್ಲಿಷ್ ಪರಿಸರದ 6–8 ತಿಂಗಳ ಶಿಶುಗಳು ಗುರುತಿಸಿದವು. 10–12 ತಿಂಗಳಿಗೆ ಹೆಚ್ಚಿನವು ಗುರುತಿಸಲಿಲ್ಲ. ಕುದ್ರೋಳಿಯ ಮಗುವಿಗೆ ತ, ಟ ಎರಡೂ ದಿನವೂ ಕೇಳುತ್ತವೆ, ಹಾಗಾಗಿ ಭೇದ ಉಳಿಯುತ್ತದೆ.

3. ಬೆರಳು ತೋರಿಸುವುದರಲ್ಲಿ ಎರಡು ಬಗೆ (ಬೇಟ್ಸ್ ಮತ್ತು ಸಂಗಡಿಗರು, 1975)
- ಬಾಳೆಹಣ್ಣು 'ಕೊಡು': ಬೇಡಿಕೆ
- ಗೋಕರ್ಣನಾಥ ದೇವಸ್ಥಾನದ ದಸರಾ ದೀಪ 'ನೋಡು': ಹಂಚಿಕೆ. ಜಂಟಿ ಗಮನಕ್ಕೆ (ಮಗು, ಹಿರಿಯರು ಇಬ್ಬರೂ ಒಂದೇ ವಸ್ತುವನ್ನು ಗಮನಿಸುವುದು) ಇದೇ ಉತ್ತಮ ಉದಾಹರಣೆ.

4. ಗೊಂದಲದ ಅಂಶಗಳು
- ಗ್ರಹಿಕೆ ಮೊದಲು, ಉಚ್ಚಾರಣೆ ಆಮೇಲೆ.
- ಹೋಲೋಫ್ರೇಸ್ = ಒಂದೇ ಪದದಲ್ಲಿ ಇಡೀ ವಾಕ್ಯದ ಅರ್ಥ. ಟೆಲಿಗ್ರಾಫಿಕ್ ಮಾತು = ಪ್ರತ್ಯಯ ಬಿಟ್ಟ ಎರಡು-ಮೂರು ಪದ.
- ಕಿವುಡು ಶಿಶುವೂ ಕೂಯಿಂಗ್ ಮಾಡುತ್ತದೆ; ಬ್ಯಾಬ್ಲಿಂಗ್ ತಡವಾಗುತ್ತದೆ. ಆದ್ದರಿಂದ ಸದ್ದು ಮಾಡಿತೆಂದು ಶ್ರವಣ ಪರೀಕ್ಷೆ ಬಿಡಬಾರದು.
- ದ್ವಿಭಾಷಾ ಮಗುವಿನ ಪದಗಳನ್ನು ಎರಡೂ ಭಾಷೆ ಸೇರಿಸಿ ಎಣಿಸಬೇಕು. ತುಳು ಬಿಟ್ಟು ಕನ್ನಡ ಮಾತ್ರ ಎಣಿಸಿ 'ಹಿಂದುಳಿದಿದೆ' ಎನ್ನುವ ಆಯ್ಕೆ ತಪ್ಪು.

5. ಸಂಸ್ಥೆ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮೈಸೂರು, ಸ್ಥಾಪನೆ 1965.

6. ಹೆಸರು–ಸಿದ್ಧಾಂತ: ಸ್ಕಿನ್ನರ್ – ಪುನರ್ಬಲನ (1957); ಚಾಮ್‌ಸ್ಕಿ – ಜನ್ಮಜಾತ ಭಾಷಾ ಸಾಮರ್ಥ್ಯ; ಬ್ರೂನರ್ – ಹಿರಿಯರ ಒತ್ತಾಸೆ.